ತಂಬೋಲ ಡಬ್ಬಿಯಲ್ಲೇ ಕೆನೋ

ದಸರಾ ರಜೆಗೆ ಮೈಸೂರಿನ ಮನೆಗಳಲ್ಲಿ ನೆಂಟರು ಸೇರಿದರೆ ತಂಬೋಲ ಡಬ್ಬಿ ಅಟ್ಟದಿಂದ ಇಳಿಯುತ್ತದೆ. ಅದರಲ್ಲೇ ಅಮೆರಿಕದ ಕ್ಯಾಸಿನೋಗಳ ಕೆನೋ ಆಟವನ್ನೂ ಆಡಿ ನೋಡಬಹುದು. 80 ಅಂಕಿಗಳಲ್ಲಿ ಕೆಲವನ್ನು ಆರಿಸಿಕೊಂಡು, ಚೀಲದಿಂದ ತೆಗೆದ 20ರಲ್ಲಿ ಅವುಗಳಲ್ಲಿ ಎಷ್ಟು ಬಂದವು ಎಂದು ನೋಡುವ ಆಟವಿದು. 81ರಿಂದ 90ರವರೆಗಿನ ಹತ್ತು ಬಿಲ್ಲೆಗಳನ್ನು ತೆಗೆದಿಟ್ಟರೆ ಆಯಿತು. ಚೀನಾದಿಂದ ವಲಸೆ ಹೋದವರ ಜೊತೆ ಅಮೆರಿಕ ತಲುಪಿದ ಈ ಆಟದಲ್ಲಿ ಮೊದಲು ಅಂಕಿಗಳ ಬದಲು 80 ಚೀನೀ ಅಕ್ಷರಗಳಿದ್ದವು. ಪಣಕ್ಕೆ ಹುಣಸೆಬೀಜ ಸಾಕು, ದುಡ್ಡಿನ ಮಾತು ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ಇಲ್ಲ, ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವುದಕ್ಕೂ 2025ರ ಕೇಂದ್ರ ಕಾಯ್ದೆಯ ತಡೆ ಇದೆ.

ಚೀಟಿ ತಯಾರಿಸುವುದು ಸುಲಭ. ಸಾಲಿಗೆ ಹತ್ತರಂತೆ ಎಂಟು ಸಾಲು, 1ರಿಂದ 80. ಆಟಗಾರರು ಒಂದರಿಂದ ಹತ್ತು ಅಂಕಿಗಳವರೆಗೆ ಆರಿಸಿ ಪೆನ್ನಿನಲ್ಲಿ ಕತ್ತರಿ ಗುರುತು ಹಾಕಬೇಕು. ಎಷ್ಟು ಅಂಕಿ, ಎಷ್ಟು ಬೀಜ ಎಂಬುದನ್ನು ಮೂಲೆಯಲ್ಲಿ ಬರೆದು, ಒಂದು ನಕಲನ್ನು ಬಿಲ್ಲೆ ತೆಗೆಯುವ ಮೊದಲೇ ಬ್ಯಾಂಕಿನವರ, ಅಂದರೆ ಪಣದ ಬೀಜ ಪಡೆದು ಬಹುಮಾನ ಕೊಡುವವರ, ಕೈಗೆ ಕೊಡಬೇಕು. ಇದನ್ನು ಬಿಟ್ಟರೆ ಆಟದ ನಡುವೆ ಒಂದು ಗುರುತು ಹೆಚ್ಚಾಗುತ್ತದೆ, ಜಗಳ ಶುರುವಾಗುತ್ತದೆ. ಕ್ಯಾಸಿನೋದಲ್ಲೂ ಕಂಪ್ಯೂಟರ್ ಮುದ್ರಿಸಿ ಕೊಟ್ಟ ಚೀಟಿಯದೇ ಕೊನೆಯ ಮಾತು. ಅದರಲ್ಲಿ ತಪ್ಪಿದ್ದರೆ ಆಗಲೇ ಹೇಳಬೇಕು.

ಇನ್ನು ಬಿಲ್ಲೆ. ಚೀಲದಲ್ಲಿ 80 ಇವೆಯೇ ಎಂದು ಎಣಿಸಿ. ಕಳೆದ ಬಿಲ್ಲೆಗೆ ಬದಲಾಗಿ ಕಾಗದದ ತುಂಡು ಹಾಕಬೇಡಿ, ಬೆರಳಿಗೆ ಅದರ ಗುರುತು ಸಿಕ್ಕಿಬಿಡುತ್ತದೆ. ಚೆನ್ನಾಗಿ ಕುಲುಕಿ ಒಂದೊಂದಾಗಿ 20 ಬಿಲ್ಲೆ ತೆಗೆಯಿರಿ. ತೆಗೆದದ್ದನ್ನು ಆ ಸುತ್ತು ಮುಗಿಯುವವರೆಗೆ ಚೀಲಕ್ಕೆ ವಾಪಸ್ ಹಾಕುವಂತಿಲ್ಲ. ಗದ್ದಲದಲ್ಲಿ ‘ಇಪ್ಪತ್ತು’, ‘ಎಪ್ಪತ್ತು’ ಒಂದೇ ಥರ ಕೇಳುತ್ತವೆ. ಹಾಗಾಗಿ ‘ಏಳು ಸೊನ್ನೆ, ಎಪ್ಪತ್ತು’ ಎಂದು ಬಿಡಿಸಿ ಕೂಗುವುದು ಒಳ್ಳೆಯದು. ತಂಬೋಲದಂತೆ ಇಲ್ಲಿ ಮೊದಲು ಕೂಗಿದವರಿಗೆ ಬಹುಮಾನವಿಲ್ಲ. ಇಪ್ಪತ್ತೂ ಬಂದ ಮೇಲೆ ಯಾರ ಅಂಕಿ ಎಷ್ಟು ಕೂಡಿದವು, ಅಂದರೆ ಬಂದ ಅಂಕಿಗಳಿಗೆ ಹೊಂದಿದವು, ಎಂದು ಎಣಿಸಿ ಬಹುಮಾನದ ಪಟ್ಟಿಯ ಪ್ರಕಾರ ಕೊಡುವುದು.

ಆಟದ ಗುಟ್ಟೆಲ್ಲ ಈ ಪಟ್ಟಿಯಲ್ಲಿದೆ. ಒಂದೇ ಅಂಕಿ ಆರಿಸಿದರೆ ಅದು ಬರುವ ಸಾಧ್ಯತೆ 80ರಲ್ಲಿ 20, ಅಂದರೆ ನಾಲ್ಕರಲ್ಲಿ ಒಂದು. ಒಂದು ಬೀಜ ಹಾಕಿ ಗೆದ್ದವರಿಗೆ ನಾಲ್ಕು ಬೀಜ ಕೊಟ್ಟರೆ ಲೆಕ್ಕ ಸರಿ, ಮೂರು ಕೊಟ್ಟರೆ ಕಾಲು ಭಾಗ ಬ್ಯಾಂಕಿಗೆ. ಮೂರು ಅಂಕಿಯ ಚೀಟಿ ನೋಡಿ. ಮೂರೂ ಕೂಡಿದರೆ 42 ಬೀಜ, ಎರಡು ಕೂಡಿದರೆ ಹಾಕಿದ ಒಂದು ವಾಪಸ್ ಎಂದು ಪಟ್ಟಿ ಇದೆ ಎನ್ನಿ. ಸಾವಿರ ಸುತ್ತಿನಲ್ಲಿ ಮೂರೂ ಕೂಡುವುದು ಸರಾಸರಿ 14 ಸಲ, ಎರಡು ಕೂಡುವುದು 139 ಸಲ. ಸಾವಿರ ಬೀಜ ಕೊಟ್ಟವರಿಗೆ ಮರಳುವುದು ಸುಮಾರು 720. 42 ಕೇಳಲು ದೊಡ್ಡದು, ಆದರೆ ಬ್ಯಾಂಕಿಗೆ ಲಾಭವೂ ಬೇಡ ನಷ್ಟವೂ ಬೇಡ ಎಂದರೆ ಅಲ್ಲಿ 62 ಇರಬೇಕು! ಮನೆಯ ಆಟಕ್ಕೆ 62 ಇಟ್ಟುಕೊಳ್ಳಿ. ಒಬ್ಬರಿಗೆ ಸುತ್ತಿಗೆ ಒಂದೇ ಬೀಜ ಎಂದು ಕಟ್ಟು ಹಾಕಿ, ನಾಲ್ವರಿಗೆ ಬ್ಯಾಂಕಿನಲ್ಲಿ 250 ಬೀಜವಿದ್ದರೆ ಧೈರ್ಯವಾಗಿ ಶುರು ಮಾಡಬಹುದು.

ಹತ್ತು ಅಂಕಿಯ ಚೀಟಿಯ ಕಥೆಯೇ ಬೇರೆ. ಹತ್ತೂ ಕೂಡುವುದು 89 ಲಕ್ಷದಲ್ಲಿ ಒಂದು ಸಲ. ಸಾಮಾನ್ಯವಾಗಿ ಕೂಡುವುದು ಎರಡೋ ಮೂರೋ. ಒಂದೂ ಕೂಡದಿರುವುದೇ ಅಪರೂಪ, ಸುಮಾರು 22ರಲ್ಲಿ ಒಂದು ಸಲ. ಕೆಲವು ಪಟ್ಟಿಗಳಲ್ಲಿ ಸೊನ್ನೆಗೂ ಬಹುಮಾನವಿರುವುದು ಇದಕ್ಕೇ.

‘ಏಳು ಅನ್ನೋ ಅಂಕಿ ಐದು ಸುತ್ತಿನಿಂದ ಬಂದಿಲ್ಲ, ಈಗ ಬಂದೇ ಬರುತ್ತೆ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಒಂದು ಅಂಕಿ ಸತತ ಐದು ಸುತ್ತು ಬಾರದಿರುವ ಸಾಧ್ಯತೆ ನೂರಕ್ಕೆ 24ರಷ್ಟಿದೆ. ಆರನೆಯ ಸುತ್ತಿಗೆ ಎಲ್ಲ ಬಿಲ್ಲೆಗಳೂ ಮತ್ತೆ ಚೀಲ ಸೇರಿರುವುದರಿಂದ ಅದರ ಪಾಲು ಹಿಂದಿನಂತೆಯೇ ನಾಲ್ಕರಲ್ಲಿ ಒಂದು. ಚೌಕಾಬಾರದಲ್ಲಾದರೆ ಯಾವ ಕಾಯಿ ನಡೆಸಬೇಕೆಂಬ ಜಾಣತನಕ್ಕೆ ಜಾಗವಿದೆ. ಕೆನೋದಲ್ಲಿ ಅಂಕಿ ಆರಿಸುವ ಜಾಣತನ ಅನ್ನುವುದೇ ಇಲ್ಲ.

ಆಟ ಮುಗಿದ ಮೇಲೆ ತೆಗೆದಿಟ್ಟ ಹತ್ತು ಬಿಲ್ಲೆಗಳನ್ನು ಡಬ್ಬಿಗೆ ಹಾಕಲು ಮರೆಯಬೇಡಿ. ಮರೆತರೆ ಮುಂದಿನ ಸಲ ತಂಬೋಲದಲ್ಲಿ 85 ಇರುವ ಚೀಟಿ ಹಿಡಿದವರಿಗೆ ಫುಲ್ ಹೌಸ್ ಆಗುವುದೇ ಇಲ್ಲ.