ಬೇಲೂರಿನ ಗೋಡೆ ಓದುವುದು ಹೇಗೆ?

ಬೇಲೂರಿಗೆ ಹೋಗದ ಕನ್ನಡಿಗರು ಕಡಿಮೆ. ಶಾಲೆಯ ಪ್ರವಾಸದಲ್ಲಿ ಹೋಗಿರುತ್ತೇವೆ, ಮದುವೆಯಾದ ಹೊಸದರಲ್ಲಿ ಹೋಗಿರುತ್ತೇವೆ, ಚಿಕ್ಕಮಗಳೂರಿಗೆ ಹೊರಟಾಗ ದಾರಿಯಲ್ಲಿ ಸಿಕ್ಕಿತು ಅಂತ ಗಾಡಿ ನಿಲ್ಲಿಸಿ ಒಂದು ರೌಂಡು ಹಾಕಿರುತ್ತೇವೆ. ವಾಪಸ್ ಬಂದ ಮೇಲೆ ಯಾರಾದರೂ ಏನು ನೋಡಿದಿರಿ ಅಂತ ಕೇಳಿದರೆ 'ಶಿಲಾಬಾಲಿಕೆ ನೋಡಿದ್ವಿ, ಕೆತ್ತನೆ ಸೂಪರ್' ಅನ್ನುವುದರ ಮುಂದೆ ಮಾತೇ ಹೊರಡುವುದಿಲ್ಲ. ಯಾಕೆಂದರೆ ಆ ಗೋಡೆಯಲ್ಲಿ ಅಷ್ಟೊಂದಿದೆ. ಕಣ್ಣು ಎಲ್ಲಿ ಇಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಇದಕ್ಕೊಂದು ಉಪಾಯ ಇದೆ. ಚೆನ್ನಕೇಶವನ ಗುಡಿಯಲ್ಲಿ ಮೂರು ಥರದ ಕಥೆಗಳು ಸೇರಿಕೊಂಡಿವೆ. ಶಾಸನದಲ್ಲಿ ಬರೆದದ್ದು, ಕಲ್ಲಿನಲ್ಲಿ ಕೆತ್ತಿದ್ದು, ಊರವರು ಬಾಯಲ್ಲಿ ಹೇಳುತ್ತಾ ಬಂದದ್ದು. ಗೈಡುಗಳು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನೀವು ಬಿಡಿಸಿಕೊಂಡು ಕೇಳಿ. ಯಾವ ಕಥೆ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಮೂರೂ ಜಾಸ್ತಿ ರುಚಿಸುತ್ತವೆ.

ಹೊರಡುವ ಮುಂಚೆ

ಇಷ್ಟು ತಿಳಿದುಕೊಂಡು ಹೋದರೆ ಸಾಕು. ಗುಡಿ ಕಟ್ಟಿಸಿದವನು ಹೊಯ್ಸಳ ದೊರೆ ವಿಷ್ಣುವರ್ಧನ, 1117ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಚೋಳರ ಕೈಯಿಂದ ತಲಕಾಡನ್ನು ಕಿತ್ತುಕೊಂಡು 'ತಲಕಾಡುಗೊಂಡ' ಅಂತ ಬಿರುದು ಹಾಕಿಕೊಂಡಿದ್ದ. ದೇವರಿಗೆ ಆಗ ಇಟ್ಟ ಹೆಸರು ವಿಜಯನಾರಾಯಣ. ಮೊದಲು ಜೈನನಾಗಿದ್ದ ಬಿಟ್ಟಿದೇವ ರಾಮಾನುಜಾಚಾರ್ಯರಿಂದ ವೈಷ್ಣವನಾಗಿ ವಿಷ್ಣುವರ್ಧನ ಆದ ಅನ್ನುವುದು ಪರಂಪರೆಯಿಂದ ಬಂದ ಮಾತು. ರಾಣಿ ಶಾಂತಲೆ ಮಾತ್ರ ಜೈನಳಾಗಿಯೇ ಉಳಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅದೇ ಶಾಂತಲೆ ಬೇಲೂರಿನ ಅಂಗಳದಲ್ಲಿ ಕೇಶವನಿಗೂ ಒಂದು ಗುಡಿ ಕಟ್ಟಿಸಿದ್ದಾಳೆ. ಅದರ ಹತ್ತಿರ ಆಮೇಲೆ ಹೋಗೋಣ.

ಬೆಳಗ್ಗೆ ಬೇಗ ಹೋಗಿ. ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನದ ಹೊತ್ತಿಗೆ ಅಂಗಳದ ಹಾಸುಗಲ್ಲು ಕಾದ ಕಾವಲಿ ಆಗಿರುತ್ತದೆ. ದಪ್ಪನೆಯ ಸಾಕ್ಸ್ ಇರಲಿ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ. ಇಲ್ಲದಿದ್ದರೆ ಫೋನಿನ ಝೂಮ್ ಸಾಕು.

ಬಾಗಿಲಲ್ಲಿ ಸಳ

ಎತ್ತರದ ಗೋಪುರ ನೋಡಿ ಇದೇ ಹೊಯ್ಸಳ ಶೈಲಿ ಅಂದುಕೊಳ್ಳಬೇಡಿ. ಅದು ವಿಜಯನಗರದವರದ್ದು, ಎರಡನೇ ಹರಿಹರನ ಕಾಲದಲ್ಲಿ 1397ರಲ್ಲಿ ಮತ್ತೆ ಕಟ್ಟಿಸಿದ್ದು. ಒಳಗೆ ಹೋದರೆ ಎದುರಿಗೆ ಇರುವ ಗುಡಿಗೆ ಶಿಖರವೇ ಇಲ್ಲ. ಹಿಂದೆ ಇತ್ತು, ಈಗ ಉಳಿದಿಲ್ಲ. ಗುಡಿ ನಿಂತಿರುವುದು ಜಗತಿಯ ಮೇಲೆ, ಅಂದರೆ ನಕ್ಷತ್ರದ ಆಕಾರದ ಎತ್ತರದ ಕಟ್ಟೆಯ ಮೇಲೆ. ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಾಗ ಎರಡೂ ಪಕ್ಕದಲ್ಲಿ ಒಬ್ಬ ಯುವಕ ಒಂದು ಮೃಗವನ್ನು ತಿವಿಯುತ್ತಿರುವ ವಿಗ್ರಹ ಇದೆಯಲ್ಲ, ಅವನೇ ಸಳ.

ಕಥೆ ನಿಮಗೆ ಗೊತ್ತಿದ್ದದ್ದೇ. ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಸುದತ್ತ ಮುನಿ ಪಾಠ ಹೇಳುತ್ತಿದ್ದಾಗ ಹುಲಿ ನುಗ್ಗಿತು. ಮುನಿ 'ಹೊಯ್ ಸಳ' ಅಂದರು, ಶಿಷ್ಯ ಹೊಡೆದು ಕೆಡವಿದ, ವಂಶಕ್ಕೆ ಹೆಸರು ಬಂತು. ಈಗ ಹತ್ತಿರ ಹೋಗಿ ಆ ಮೃಗವನ್ನು ನೋಡಿ. ಹುಲಿ ಅಂತ ನಿಮಗೆ ಅನ್ನಿಸುತ್ತದಾ? ನೋಡುವುದಕ್ಕೆ ಸಿಂಹದ ಥರ ಇದೆ ಅಲ್ವಾ! ಇನ್ನೊಂದು ವಿಷಯ. ಈ ಕಥೆ ಮೊದಲು ಕಾಣಿಸಿಕೊಳ್ಳುವುದೇ ವಿಷ್ಣುವರ್ಧನನ ಕಾಲದ ಬೇಲೂರಿನ ಶಾಸನದಲ್ಲಿ. ಹುಲಿ ಚೋಳರ ಲಾಂಛನ. ತಲಕಾಡನ್ನು ಗೆದ್ದ ಮೇಲೆ ಈ ಕಥೆ ಹುಟ್ಟಿತೋ ಅಥವಾ ಬಲ ಪಡೆಯಿತೋ ಅಂತ ಇತಿಹಾಸಕಾರರು ಅನುಮಾನ ಪಡುವುದು ಅದಕ್ಕೇ. ಊರ ಕಥೆಯೇ ಶಾಸನಕ್ಕೆ ಹೋಗಿ ಕೂತಿರಬಹುದು, ಯಾರಿಗೆ ಗೊತ್ತು.

ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ

ಒಳಗೆ ನುಗ್ಗಬೇಡಿ. ಎಲ್ಲರೂ ಮಾಡುವ ತಪ್ಪೇ ಅದು. ಮೊದಲು ಜಗತಿಯ ಮೇಲೆ ಪ್ರದಕ್ಷಿಣೆ ಬನ್ನಿ. ಜಗತಿ ಇಷ್ಟು ಅಗಲ ಇರುವುದೇ ಸುತ್ತಲಿ ಅಂತ.

ತೀರಾ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು. 600ಕ್ಕೂ ಹೆಚ್ಚು ಇವೆ. ಒಂದೆರಡು ಮಾರು ದೂರ ಬರೀ ಆನೆಗಳನ್ನೇ ನೋಡುತ್ತಾ ನಡೆಯಿರಿ. ಒಂದು ಸೊಂಡಿಲು ಮಡಚಿರುತ್ತದೆ, ಇನ್ನೊಂದು ಮುಂದಿನದರ ಕಡೆ ಚಾಚಿರುತ್ತದೆ, ಹೆಜ್ಜೆ ಇಡುವುದರಲ್ಲೂ ವ್ಯತ್ಯಾಸ. ಅಚ್ಚು ಹಾಕಿ ಒತ್ತಿದ ಕೆಲಸ ಇದಲ್ಲ ಅಂತ ಗೊತ್ತಾಗುವುದು ಇಲ್ಲೇ. ಕಲ್ಲು ಬಳಪದ ಕಲ್ಲು. ಕಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿ. ಅದಕ್ಕೇ ಉಗುರಿನಷ್ಟು ಸಣ್ಣ ಗೆಜ್ಜೆಯನ್ನೂ ಬಿಡಿಸುವುದಕ್ಕೆ ಆಗಿದೆ. ದಯವಿಟ್ಟು ಮುಟ್ಟಬೇಡಿ, ಕೈಯ ಜಿಡ್ಡು ಅದಕ್ಕೆ ಒಳ್ಳೆಯದಲ್ಲ.

ಮೇಲೆ, ಗೋಡೆಯ ನಡುವಿನ ದೊಡ್ಡ ವಿಗ್ರಹಗಳಲ್ಲಿ ಪುರಾಣ ಇದೆ. ಯಾರಿವರು ಅಂತ ಗುರುತು ಹಿಡಿಯುವುದಕ್ಕೆ ಸಂಸ್ಕೃತ ಬರಬೇಕಿಲ್ಲ. ಮುಖ ನೋಡಬೇಡಿ, ಮುಖಗಳೆಲ್ಲ ಹೆಚ್ಚುಕಮ್ಮಿ ಒಂದೇ. ಕೈಯಲ್ಲಿ ಏನಿದೆ, ಕಾಲ ಕೆಳಗೆ ಏನಿದೆ ಅಂತ ನೋಡಿ. ತೊಡೆಯ ಮೇಲೆ ಒಬ್ಬನನ್ನು ಕೆಡವಿಕೊಂಡು ಕರುಳು ಬಗೆಯುತ್ತಿದ್ದರೆ ನರಸಿಂಹ. ಒಂದು ಕಾಲನ್ನು ಆಕಾಶಕ್ಕೆ ಎತ್ತಿದ್ದರೆ ತ್ರಿವಿಕ್ರಮ, ಬಲಿಯ ಕಥೆ. ಬಹಳ ತಲೆ, ಬಹಳ ಕೈ ಇರುವವನು ಬೆಟ್ಟವನ್ನು ಎತ್ತುತ್ತಿದ್ದು, ಬೆಟ್ಟದ ಮೇಲೆ ಶಿವ ಪಾರ್ವತಿ ಕೂತಿದ್ದರೆ ಅವನು ಕೈಲಾಸ ಎತ್ತಲು ಹೋದ ರಾವಣ. ಇದನ್ನು ನಿಂತು ನೋಡಿ, ಬೆಟ್ಟದಲ್ಲಿರುವ ಪ್ರಾಣಿಗಳನ್ನೂ ಬಿಟ್ಟಿಲ್ಲ. ಸುತ್ತ ಆನೆಯ ಚರ್ಮ ಹರಡಿಕೊಂಡು ನಡುವೆ ಶಿವ ಕುಣಿಯುತ್ತಿದ್ದರೆ ಗಜಾಸುರ ಸಂಹಾರ. ವಿಷ್ಣುವಿನ ಗುಡಿಯಲ್ಲಿ ಶಿವನಿಗೆ ಇಷ್ಟು ಜಾಗ ಕೊಟ್ಟಿರುವುದನ್ನು ಗಮನಿಸಿ.

ಶಂಖ, ಚಕ್ರ, ಗದೆ, ಪದ್ಮ ಹಿಡಿದು ಸುಮ್ನೆ ನಿಂತ ವಿಷ್ಣು ಪದೇ ಪದೇ ಸಿಗುತ್ತಾನೆ. ಎಲ್ಲ ಒಂದೇ ಅಂತ ದಾಟಿ ಹೋಗಬೇಡಿ. ಯಾವ ಕೈಯಲ್ಲಿ ಯಾವುದು ಅನ್ನುವುದು ಬದಲಾದರೆ ಹೆಸರೂ ಬದಲಾಗುತ್ತದೆ, ಕೇಶವ, ನಾರಾಯಣ, ಮಾಧವ ಅಂತ 24. ಮನೆಯಲ್ಲಿ ಸಂಧ್ಯಾವಂದನೆಗೆ ಕೂತ ಅಜ್ಜ ಆಚಮನ ಮಾಡುತ್ತಾ ಹೇಳುವ ಹೆಸರುಗಳೇ ಅವು.

ಈಗ ಕತ್ತು ಎತ್ತಿ

ಸೂರಿನ ಕೆಳಗೆ ವಾಲಿಕೊಂಡು ನಿಂತವರು ಮದನಿಕೆಯರು, ಅಂದರೆ ನಾವು ಶಿಲಾಬಾಲಿಕೆ ಅನ್ನುವವರು. ಹೊರಗೆ 38, ಒಳಗೆ 4. ಎಲ್ಲರೂ ದರ್ಪಣ ಸುಂದರಿಯ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಅವಳು ಶಾಂತಲೆಯೇ ಅನ್ನುತ್ತಾರೆ, ಇದು ಊರ ಕಥೆ. ನನಗೆ ಅವಳಿಗಿಂತ ಉಳಿದವರು ಇಷ್ಟ. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಇನ್ನೊಬ್ಬಳು ಬಟ್ಟೆ ಕೊಡವಿದ್ದಾಳೆ, ಚೇಳು ಕೆಳಗೆ ಬಿದ್ದಿದೆ. ಒಬ್ಬಳು ಗಿಳಿಯ ಜೊತೆ ಮಾತಾಡುತ್ತಿದ್ದಾಳೆ. ಒಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರವನ್ನು ಬೈನಾಕ್ಯುಲರಿನಲ್ಲಿ ಹುಡುಕಿ, ಅಲ್ಲೊಂದು ಹಣ್ಣು, ಅದರ ಮೇಲೊಂದು ನೊಣ, ಅದನ್ನು ಹಿಡಿಯಲು ಹೊಂಚು ಹಾಕಿ ಕೂತ ಹಲ್ಲಿ. ಕೆಳಗೆ ನಿಂತವರಿಗೆ ಬರಿಗಣ್ಣಿಗೆ ನೆಟ್ಟಗೆ ಕಾಣುವುದೂ ಇಲ್ಲ, ಆದರೂ ಕೆತ್ತಿದ್ದಾನೆ ಪುಣ್ಯಾತ್ಮ.

ಆ ಪುಣ್ಯಾತ್ಮ ಯಾರು? ಪೀಠದ ಕೆಳಗೆ ನೋಡಿ. ಹಳಗನ್ನಡ ಅಕ್ಷರಗಳು ಕಾಣುತ್ತವೆ, ಅವು ಶಿಲ್ಪಿಗಳ ಸಹಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಹೆಸರಿನ ಜೊತೆಗೆ ಬಿರುದುಗಳೂ ಇವೆ. ರಾಜನಿಗೆ ಬಿರುದು ಇದ್ದರೆ ನಮಗೂ ಇರಲಿ ಅಂತ ಹಾಕಿಕೊಂಡಿದ್ದಾರೆ. ಈ ಸಹಿಗಳಲ್ಲಿ ಜಕಣಾಚಾರಿಯ ಹೆಸರು ಇಲ್ಲ. ಇದು ನೆನಪಿರಲಿ.

ಒಳಗೆ

ಹೊರಗಿನ ಬೆಳಕಿನಿಂದ ಹೋದರೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿ. ಈ ಮಂಟಪ ಮೊದಲು ತೆರೆದೇ ಇತ್ತು, ಜಾಲಂಧ್ರಗಳನ್ನು, ಅಂದರೆ ತೂತುಗಳಿರುವ ಕಲ್ಲಿನ ಜಾಲರಿಗಳನ್ನು, ಆಮೇಲೆ ಕೂರಿಸಿದ್ದು, ಕತ್ತಲಿಗೆ ಅದೇ ಕಾರಣ.

ನರಸಿಂಹ ಕಂಬದ ಹತ್ತಿರ ಹೋಗಿ. ಹಿಂದೆ ಇದು ತಿರುಗುತ್ತಿತ್ತು ಅನ್ನುತ್ತಾರೆ. ಕಂಬದ ತುಂಬಾ ಪುಟ್ಟ ಪುಟ್ಟ ವಿಗ್ರಹಗಳು, ಅದರಲ್ಲೊಂದು ಕಡಲೆ ಬಸವ, ಕಡಲೆಕಾಳಿನಷ್ಟೇ ಗಾತ್ರದ ನಂದಿ. ಗೈಡು ತೋರಿಸದಿದ್ದರೆ ಸಿಗುವುದು ಕಷ್ಟ, ಕೇಳಿ ತೋರಿಸಿಕೊಳ್ಳಿ. ಇನ್ನೊಂದು ಮೋಹಿನಿ ಕಂಬ. ವರ ಕೊಟ್ಟ ಶಿವನ ತಲೆಗೇ ಕೈ ಇಡಲು ಬಂದ ಭಸ್ಮಾಸುರನನ್ನು ಕುಣಿಸಿ, ಅವನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ ಮೋಹಿನಿ ಇವಳು. ದೇವರ ದರ್ಶನ ಆದ ಮೇಲೆ ನಡುವಿನ ಚಾವಣಿಯನ್ನು ತಲೆ ಎತ್ತಿ ನೋಡದೆ ಬರಬೇಡಿ.

ಕೊನೆಗೆ ಊರ ಕಥೆಗಳು

ಮುಖ್ಯ ಗುಡಿಯ ಪಕ್ಕದಲ್ಲಿ ಇರುವುದೇ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ. ಜಕಣಾಚಾರಿಯ ಕಥೆ ಇಲ್ಲಿ ಕೂತು ಹೇಳಬೇಕು, ಮಕ್ಕಳಿದ್ದರಂತೂ ಇಲ್ಲೇ. ಡಂಕಣ ಅನ್ನುವ ಹುಡುಗ ಬಂದು 'ಈ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ' ಅನ್ನುತ್ತಾನೆ. ತೋರಿಸು, ದೋಷ ಇದ್ದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಅನ್ನುತ್ತಾನೆ ಜಕಣಾಚಾರಿ. ಮೈತುಂಬಾ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳಲ್ಲಿ ಮಾತ್ರ ಒಣಗುವುದಿಲ್ಲ. ಉಳಿ ತಾಗಿಸಿದರೆ ಒಳಗಿಂದ ನೀರು, ಜೊತೆಗೊಂದು ಜೀವಂತ ಕಪ್ಪೆ! ಕೈ ಹೋಯಿತು. ಆ ಹುಡುಗ ತನ್ನ ಮಗನೇ ಅಂತ ಗೊತ್ತಾಗುವುದು ಆಮೇಲೆ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತಂತೆ. ದಾಸೋಜ, ಚಾವಣ ಎಂಬ ಅಪ್ಪ ಮಗನ ಹೆಸರು ಗೋಡೆಯಲ್ಲಿದ್ದರೂ ಜನರ ಬಾಯಲ್ಲಿ ಉಳಿದದ್ದು ಈ ಅಪ್ಪ ಮಗ.

ಇನ್ನೊಂದು ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ, ಆದರೆ ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ಇದೆ. ಚೆನ್ನಿಗರಾಯನನ್ನು ಬಾಬಾಬುಡನ್ ಬೆಟ್ಟದಿಂದ ತಂದರಂತೆ, ದೇವಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದರಂತೆ. ಹಾಗಾಗಿ ದೇವರು ಆಗಾಗ ಹೆಂಡತಿಯನ್ನು ನೋಡಲು ಬೆಟ್ಟ ಹತ್ತಬೇಕು, ಮೆಟ್ಟು ಸವೆಯುತ್ತದೆ. ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಪ್ಪಲಿ ಮಾಡುವವರಿಗೆ ಕನಸು ಬೀಳುತ್ತದೆ. ಅವರು ಹೊಸ ಜೋಡು ಹೊಲಿದು ತರುತ್ತಾರೆ, ಅದನ್ನು ಒಪ್ಪಿಸಲು ಮಾತ್ರ ಅವರಿಗೆ ಗುಡಿಯ ಅಂಗಳಕ್ಕೆ ಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಬಾಗಿಲ ಹೊರಗೆ ನಿಲ್ಲಬೇಕಿದ್ದವರ ಕೈಯ ಕೆಲಸ ಇಲ್ಲದೆ ದೇವರಿಗೂ ಹೆಂಡತಿಯ ಮನೆಗೆ ಹೋಗಲಾಗುತ್ತಿರಲಿಲ್ಲ ಅಂತಾಯಿತು.

ಹೊರಡುವ ಮುಂಚೆ ಅಂಗಳದ 42 ಅಡಿಯ ದೀಪದ ಕಂಬ ನೋಡಿಕೊಳ್ಳಿ, ತಳಪಾಯಕ್ಕೆ ಹೂಳದೆ ತನ್ನ ತೂಕದಲ್ಲೇ ನಿಂತಿದೆ. ಹಳೇಬೀಡು ಇಲ್ಲಿಂದ 16 ಕಿ.ಮೀ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಸಮಯ ಇದೆ ಅಂತ ಒಂದೇ ದಿನದಲ್ಲಿ ಎರಡನ್ನೂ ಮುಗಿಸುವವರೇ ಜಾಸ್ತಿ. ನನ್ನನ್ನು ಕೇಳಿದರೆ ರಾತ್ರಿ ಹಾಸನದಲ್ಲೋ ಬೇಲೂರಿನಲ್ಲೋ ಉಳಿದು ಹಳೇಬೀಡನ್ನು ಮಾರನೇ ದಿನ ಬೆಳಗ್ಗೆ ನೋಡಿ, ಅಲ್ಲಿನ ಗೋಡೆಯಲ್ಲಿ ಕಥೆಗಳು ಇಲ್ಲಿಗಿಂತ ದಟ್ಟ.