ಸೋಫಾ ಪಿನ್ ಕೀಳಲು ಯಾವ ಟೂಲ್ ಕೊಳ್ಳಬೇಕು?

ಸೋಫಾ ಬಟ್ಟೆ ಬದಲಾಯಿಸುವುದು ಎಂದರೆ ಫೋಮ್ ಕತ್ತರಿಸುವುದು, ಹೊಸ ಬಟ್ಟೆ ಹೊಲಿಯುವುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲಸಕ್ಕೆ ಕೂತ ಮೇಲೆ ಗೊತ್ತಾಗುತ್ತದೆ, ಹೆಚ್ಚು ಹೊತ್ತು ಹೋಗುವುದು ಬಟ್ಟೆಯನ್ನು ಮರಕ್ಕೆ ಹಿಡಿದಿಟ್ಟಿರುವ ಹಳೆ ಪಿನ್, ಅಂದರೆ ಎರಡು ಕಾಲಿನ ಸ್ಟೇಪಲ್, ಕೀಳುವುದರಲ್ಲೇ. ನಮ್ಮ ಮನೆಯ ಊಟದ ಮೇಜಿನ ಒಂದು ಕುರ್ಚಿಯ ಸೀಟು ಬಿಚ್ಚಿದಾಗ ಎಣಿಸಿದೆ, 94 ಪಿನ್ ಇದ್ದವು. ಅಂಥ ಆರು ಕುರ್ಚಿ. ಮೂರು ಜನ ಕೂರುವ ಸೋಫಾ ಆದರೆ ಲೆಕ್ಕ ಎಲ್ಲಿಗೆ ಹೋಗಬಹುದು, ನೀವೇ ನೋಡಿ.

ಮೊದಲ ಕುರ್ಚಿಗೆ ನಾನು ಮನೆಯಲ್ಲಿದ್ದ ಸ್ಕ್ರೂಡ್ರೈವರನ್ನೇ ಹಿಡಿದೆ. ಸ್ವಲ್ಪ ಹೊತ್ತಿಗೆಲ್ಲ ಅದು ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಎರಡು ಹೊಲಿಗೆ, ಜೊತೆಗೊಂದು ಟಿಟಿ ಇಂಜೆಕ್ಷನ್. ಗಾಯ ಮಾಗಿದ ಮೇಲೆ ನಮ್ಮ ಬೀದಿಯ ಕುಶನ್ ಕೆಲಸದ ಭಾಯ್ ಅಂಗಡಿ ಮುಂದೆ ಕೂತು ಅವರ ಕೈಯನ್ನೇ ನೋಡಿದೆ. ಚೀಲದ ತುಂಬ ಸಾಮಾನಿದ್ದರೂ ಪಿನ್ ಕೀಳಲು ಅವರು ಮುಟ್ಟುತ್ತಿದ್ದುದು ಎರಡನ್ನು ಮಾತ್ರ. ಒಂದು ಎತ್ತಲು, ಇನ್ನೊಂದು ಎಳೆಯಲು. ನಾನು ಹೇಳಬೇಕೆಂದಿರುವುದೂ ಇಷ್ಟೇ. ಪಿನ್ ಎತ್ತುವುದು ಒಂದು ಕೆಲಸ, ಎಳೆಯುವುದು ಬೇರೆ ಕೆಲಸ. ಎರಡನ್ನೂ ಒಂದೇ ಟೂಲಿನಲ್ಲಿ ಮಾಡಲು ಹೋದಾಗಲೇ ಕೈ ಕುಯ್ದುಕೊಳ್ಳುವುದು, ಮರ ಸೀಳುವುದು ಎಲ್ಲ ಆಗುತ್ತದೆ.

ಟೂಲ್ ನೋಡುವ ಮೊದಲು ಪಿನ್ ನೋಡಿ. ಸೋಫಾ ಕೆಲಸಕ್ಕೆ ಗಾಳಿ ಗನ್ನಿನಲ್ಲಿ ಹೊಡೆಯುವ ಪಿನ್ನುಗಳಲ್ಲಿ 80 ಸರಣಿಯದು ತುಂಬ ಬಳಕೆಯಲ್ಲಿದೆ. ಅದರ ಬೆನ್ನಿನ, ಅಂದರೆ ಎರಡು ಕಾಲು ಕೂಡಿಸುವ ಮೇಲಿನ ಅಡ್ಡ ತಂತಿಯ, ಅಗಲ ಸುಮಾರು 12.8 ಮಿ.ಮೀ. ಡಬ್ಬಿಯ ಮೇಲೆ 8016 ಎಂದಿದ್ದರೆ ಕಾಲಿನ ಉದ್ದ 16 ಮಿ.ಮೀ ಎಂದರ್ಥ. 1013ಜೆ ಎನ್ನುವುದೂ ಸಿಗುತ್ತದೆ, ಅದರ ಬೆನ್ನು 11.2 ಮಿ.ಮೀ, ಕಾಲು 13 ಮಿ.ಮೀ, ತಂತಿ ಕೊಂಚ ದಪ್ಪ. 71 ಸರಣಿ ಇವೆರಡಕ್ಕಿಂತ ಕಿರಿದು, ಬೆನ್ನು ಸುಮಾರು 9 ಮಿ.ಮೀ, ತಂತಿ ತೆಳು. ಈ ಅಳತೆ ಸುಮ್ನೆ ಹೇಳುತ್ತಿಲ್ಲ. ನೀವು ಕೊಳ್ಳುವ ಟೂಲಿನ ತುದಿ ಈ ಬೆನ್ನಿನ ಕೆಳಗೆ, ಎರಡು ಕಾಲುಗಳ ನಡುವೆ ತೂರಬೇಕು. ತುದಿಯ ಅಗಲ 12 ಮಿ.ಮೀ ಇದ್ದರೆ 71ರ ಪಿನ್ನಿಗೆ ಅದು ತೂರುವುದೇ ಇಲ್ಲ. ಆರೇಳು ಮಿ.ಮೀ ಅಗಲದ ತುದಿ ಎಲ್ಲದಕ್ಕೂ ಆಗುತ್ತದೆ.

ಆಫೀಸಿನಲ್ಲಿ ಪೇಪರ್ ಪಿನ್ ಕೀಳುವ, ಹಾವಿನ ಬಾಯಿಯಂತಹ ಪುಟ್ಟ ಸಾಧನ ಇರುತ್ತದಲ್ವಾ, ಅದನ್ನು ಇದಕ್ಕೆ ತರಬೇಡಿ. ಪೇಪರಿನಲ್ಲಿ ಪಿನ್ನಿನ ಕಾಲು ಹಿಂದೆ ಮಡಚಿಕೊಂಡಿರುತ್ತದೆ ಅಷ್ಟೇ. ಮರದೊಳಗೆ ಕಾಲು ನೆಟ್ಟಗೆ ಇಳಿದಿರುತ್ತದೆ, ಮರ ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿದಿರುತ್ತದೆ. ಆ ತಗಡಿನ ಬಾಯಿ ನಾಲ್ಕು ಪಿನ್ನಿಗೇ ಅಗಲಿಸಿಕೊಂಡು ಬಿಡುತ್ತದೆ.

ಈಗ ಎತ್ತುವ ಟೂಲಿಗೆ ಬರೋಣ. ಆಯ್ಕೆಯಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇದಕ್ಕೇ. ಸ್ಟೇಪಲ್ ಲಿಫ್ಟರ್, ಸ್ಟೇಪಲ್ ರಿಮೂವರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ನೋಡಲು ಸ್ಕ್ರೂಡ್ರೈವರಿನ ಹಾಗೆಯೇ, ಆದರೆ ತುದಿ ಮೇಲಕ್ಕೆ ಬಾಗಿರುತ್ತದೆ, ತುದಿಯಲ್ಲಿ ಎರಡು ಚೂಪು ಹಲ್ಲು. ಆ ಬಾಗಿದ ಜಾಗವನ್ನು ನಾನು ಹಿಮ್ಮಡಿ ಎನ್ನುತ್ತೇನೆ. ಹಲ್ಲನ್ನು ಪಿನ್ನಿನ ಕೆಳಗೆ ತೂರಿಸಿ ಹಿಡಿ ಒತ್ತಿದಾಗ ಹಿಮ್ಮಡಿ ಮರದ ಮೇಲೆ ಊರಿಕೊಂಡು ಪಿನ್ ಮೇಲೇಳುತ್ತದೆ. ಹಾರೆಯಲ್ಲಿ ಕಲ್ಲು ಮೀಟುವ ಹಾಗೆ. ನೆಟ್ಟಗಿರುವ ಸ್ಕ್ರೂಡ್ರೈವರಿಗೆ ಹಿಮ್ಮಡಿ ಇಲ್ಲ, ಅದಕ್ಕೇ ಅದರಲ್ಲಿ ಮೀಟಲು ಹೋದರೆ ಬಲವೆಲ್ಲ ಮುಂದಕ್ಕೆ ಹೋಗುತ್ತದೆ, ಮುಂದೆ ನಿಮ್ಮ ಇನ್ನೊಂದು ಕೈ ಇರುತ್ತದೆ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಹಲ್ಲಿನ ತುದಿ. ಉಗುರಿನ ತುದಿಯಷ್ಟು ತೆಳ್ಳಗಿರಬೇಕು, ಅಲ್ಲಿಂದ ಹಿಂದಕ್ಕೆ ಬರುತ್ತ ದಪ್ಪವಾಗಬೇಕು. ಗನ್ನಿನಲ್ಲಿ ಹೊಡೆದ ಪಿನ್ನಿನ ಬೆನ್ನು ಬಟ್ಟೆಯನ್ನು ಅದುಮಿ ಕೂತಿರುತ್ತದೆ, ಮೆತ್ತನೆ ಮರವಾದರೆ ಅರ್ಧ ಮರದೊಳಗೇ ಹೋಗಿರುತ್ತದೆ, ಹಾಗಾಗಿ ತುದಿ ಒಂದು ಮಿ.ಮೀ ದಪ್ಪವಿದ್ದರೂ ಕೆಳಗೆ ತೂರದೆ ಬೆನ್ನಿನ ಮೇಲೆ ಜಾರುತ್ತದೆ. ಅಗ್ಗದ ಟೂಲುಗಳಲ್ಲಿ ಇದೇ ತೊಂದರೆ, ತಗಡು ಒಂದೇ ದಪ್ಪದಲ್ಲಿ ಕತ್ತರಿಸಿ ಬಣ್ಣ ಹೊಡೆದಿರುತ್ತಾರೆ. ಅದನ್ನು ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಿಕೊಳ್ಳಬಹುದು, ಆದರೆ ಉಕ್ಕು ಒಳ್ಳೆಯದಿದ್ದರೆ ಮಾತ್ರ. ಇಲ್ಲವಾದರೆ ಮರುದಿನವೇ ಹಲ್ಲು ಮಡಚಿಕೊಳ್ಳುತ್ತದೆ.

ಆಮೇಲೆ ಹಿಡಿ. ಅಂಗೈ ತುಂಬುವಷ್ಟು ದಪ್ಪ, ಹಿಂದೆ ಗುಂಡಗೆ. ಒಂದು ಕುರ್ಚಿಗೆ ಯಾವ ಹಿಡಿಯಾದರೂ ನಡೆಯುತ್ತದೆ, ಮುನ್ನೂರು ಪಿನ್ ಆದ ಮೇಲೆ ಸಣ್ಣ ಹಿಡಿ ಅಂಗೈ ನಡುವೆ ಬೊಬ್ಬೆ ಎಬ್ಬಿಸುತ್ತದೆ. ಕಬ್ಬಿಣದ ಸರಳು ಹಿಡಿಯೊಳಗೆ ಪೂರ್ತಿ ಹೋಗಿದೆಯೇ ಎಂದು ಕೇಳಿ. ಅರ್ಧಕ್ಕೇ ನಿಂತಿದ್ದರೆ ಮೀಟಿ ಮೀಟಿ ಸಡಿಲವಾಗುತ್ತದೆ. ಸರಳು ಮೂರ್ನಾಲ್ಕು ಇಂಚು ಸಾಕು. ಉದ್ದ ಇದ್ದಷ್ಟೂ ಬಲ ಬರುವುದು ನಿಜ, ಆದರೆ ತುದಿ ಎಲ್ಲಿ ಹೋಗುತ್ತಿದೆ ಎನ್ನುವುದು ಕೈಗೆ ತಿಳಿಯುವುದಿಲ್ಲ.

ನನ್ನ ಮಾತು ಕೇಳುವುದಾದರೆ ಟೂಲ್ ಕೊಳ್ಳಲು ಹೋಗುವಾಗ ಒಂದು ಪ್ಲೈವುಡ್ ಚೂರಿನ ಮೇಲೆ ರೆಕ್ಸಿನ್ ತುಂಡಿಟ್ಟು ಹತ್ತು ಪಿನ್ ಹೊಡೆಸಿಕೊಂಡು ಹೋಗಿ. ಕುಶನ್ ಅಂಗಡಿಯಲ್ಲಿ ಕೇಳಿದರೆ ಒಂದು ನಿಮಿಷದಲ್ಲಿ ಹೊಡೆದು ಕೊಡುತ್ತಾರೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ನಾನು ಹಾಗೇ ಹೋದದ್ದು. ಮೂರು ಟೂಲ್ ಕೈಗೆ ಕೊಟ್ಟರು, ಎರಡು ಪಿನ್ನಿನ ಕೆಳಗೇ ಹೋಗಲಿಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡಿ ಇದು ಗೊತ್ತಾಗುವುದಿಲ್ಲ. ಆನ್‌ಲೈನಿನಲ್ಲಿ ತರಿಸುವವರು ತುದಿಯ ಹತ್ತಿರದ ಫೋಟೋ ಇಲ್ಲದ ಟೂಲ್ ಬಿಟ್ಟುಬಿಡಿ. ಒಳ್ಳೆಯ ಲಿಫ್ಟರ್ ಹೇಗಿರಬೇಕು ಎಂದು ನೋಡಬೇಕಿದ್ದರೆ ಅಮೆರಿಕದ ಸಿ.ಎಸ್. ಆಸ್ಬೋರ್ನ್ ಕಂಪನಿಯ ಟೂಲುಗಳ ಚಿತ್ರ ನೋಡಿ. 1826ರಲ್ಲಿ ಶುರುವಾದ ಕಂಪನಿ, ಚರ್ಮದ ಕೆಲಸ, ಕುಶನ್ ಕೆಲಸದ ಕೈ ಟೂಲುಗಳಿಗೇ ಹೆಸರಾದದ್ದು. ಅದನ್ನೇ ಕೊಳ್ಳಿ ಎನ್ನುತ್ತಿಲ್ಲ. ತುದಿಯ ಆಕಾರ ಕಣ್ಣಿಗೆ ಕೂತರೆ ಇಲ್ಲಿಯ ಅಂಗಡಿಯಲ್ಲೂ ಸರಿಯಾದದ್ದನ್ನು ಆರಿಸಬಹುದು.

ಸಿಗಲೇ ಇಲ್ಲವೇ? ಮನೆಯಲ್ಲೇ ಮಾಡಿಕೊಳ್ಳಬಹುದು. ಒಳ್ಳೆಯ ಉಕ್ಕಿನ ಹಳೆ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಂಡು ಲೇತ್ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ತುದಿಯಿಂದ ಒಂದಿಂಚು ಹಿಂದೆ ಕಾಯಿಸಿ ಸುಮಾರು 30 ಡಿಗ್ರಿ ಬಾಗಿಸಿಕೊಡಲು ಹೇಳಿ. ತುದಿ ಕೆಂಪಾಗದ ಹಾಗೆ ನೋಡಿಕೊಳ್ಳಲಿ. ಆಮೇಲೆ ಗ್ರೈಂಡರಿನಲ್ಲಿ ತುದಿಯನ್ನು ತೆಳ್ಳಗೆ ಮಾಡಿ, ನಡುವೆ ತ್ರಿಕೋನದ ಹಾಗೆ ಒಂದು ಕಚ್ಚು ಹಾಕಿದರೆ ಎರಡು ಹಲ್ಲು ಆಯಿತು. ಗ್ರೈಂಡರಿಗೆ ಹಿಡಿದಾಗ ನಾಲ್ಕೈದು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದಬೇಕು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಎಂದರೆ ಅದರ ಗಡಸು ಹೋಯಿತು, ಅಷ್ಟು ಭಾಗ ಉಜ್ಜಿ ತೆಗೆದು ಮತ್ತೆ ಮಾಡಬೇಕು. ಹಳೆ ಆಕ್ಸಾ ಬ್ಲೇಡಿನಲ್ಲಿ ಮಾತ್ರ ಈ ಟೂಲ್ ಮಾಡಲು ಹೋಗಬೇಡಿ. ಅದು ಬಾಗುವುದಿಲ್ಲ, ಪಟ್ ಎಂದು ಮುರಿದು ಚೂರು ಮುಖಕ್ಕೆ ಹಾರುತ್ತದೆ.

ಇನ್ನು ಎಳೆಯುವ ಟೂಲ್. ಬಡಗಿಗಳು ಮೊಳೆ ಕೀಳುವ ಟವರ್ ಪಿನ್ಸರ್ ಇದೆಯಲ್ಲ, ಗುಂಡು ತಲೆಯ ಇಕ್ಕಳ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಟಪಾರಿಯಾದಂತಹ ಕಂಪನಿಗಳದು 6, 8, 10 ಇಂಚಿನಲ್ಲಿ ಸಿಗುತ್ತದೆ. ಪಿನ್ನಿಗೆ 6 ಅಥವಾ 8 ಸಾಕು, 10 ಇಂಚಿನದು ಕೈ ಸೋಲಿಸುತ್ತದೆ. ಎರಡು ತುಟಿಯೂ ಪೂರ್ತಿ ಕೂಡುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ತೆಳು ಪಿನ್ ಹಿಡಿಯುವುದಿಲ್ಲ. ಹೊಸ ಪಿನ್ಸರಿನ ತುಟಿ ತುಂಬ ಹರಿತ ಇದ್ದರೆ ಪಿನ್ ಎಳೆಯುವ ಬದಲು ಕತ್ತರಿಸಿಬಿಡುತ್ತದೆ, ಅದಕ್ಕೆ ಅರದಿಂದ ಎರಡು ಸಲ ಉಜ್ಜಿ ಹರಿತ ಸ್ವಲ್ಪ ಮೊಂಡು ಮಾಡಿಕೊಳ್ಳಿ. ಹಿಡಿಯುವಾಗಲೂ ಗಟ್ಟಿಯಾಗಿ ಹಿಸುಕಬಾರದು. ಕಚ್ಚಿಕೊಳ್ಳುವಷ್ಟು ಹಿಡಿದು, ಗುಂಡು ತಲೆಯನ್ನು ಮರದ ಮೇಲೆ ಉರುಳಿಸಿ. ಕೈ ಹಿಂದಕ್ಕೆ ಜಗ್ಗುವುದು ಬೇಡ, ಉರುಳಿದರೆ ಪಿನ್ ತಾನೇ ಬರುತ್ತದೆ.

ನೋಸ್ ಪ್ಲೇಯರಿನಲ್ಲಿ ಆಗಲ್ವಾ ಎಂದು ಹಲವರು ಕೇಳುತ್ತಾರೆ. ಹಿಡಿಯಬಹುದು, ಆದರೆ ಅದರ ಮೂತಿ ಉದ್ದ, ಉರುಳಿಸಲು ಜಾಗ ಇಲ್ಲ, ಬರೀ ತೋಳಿನ ಬಲದಲ್ಲಿ ಜಗ್ಗಬೇಕು. ಜಗ್ಗಿದಾಗ ಪಿನ್ ಫಕ್ಕನೆ ಕಿತ್ತು ಬಂದರೆ ಮೊಣಕೈ ಗೋಡೆಗೆ. ಮೊಳೆ ಕೀಳುವ ಸೀಳು ಬಾಯಿಯ ಟೂಲೂ ಇದಕ್ಕಲ್ಲ, ಹಳೆ ಕಾಲದ ಕುರ್ಚಿಗಳಲ್ಲಿ ಅಗಲ ತಲೆಯ ಸಣ್ಣ ಮೊಳೆ ಹೊಡೆದಿರುತ್ತಾರಲ್ಲ, ಅಲ್ಲಿಗೆ ಅದು ಸರಿ.

ಮೂರನೆಯದೊಂದು ಇದೆ, ಕೆಲಸ ಜಾಸ್ತಿ ಇರುವವರಿಗೆ ಮಾತ್ರ. ಮೊಂಡು ಉಳಿಯಂತಹ ಟೂಲ್, ಹಿಂದಿನಿಂದ ಮರದ ಕೊಡತಿಯಲ್ಲಿ ಹೊಡೆಯುತ್ತ ಸಾಲಾಗಿ ಪಿನ್ ಎಬ್ಬಿಸಿಕೊಂಡು ಹೋಗುವುದು. ವೇಗ ಬಹಳ. ಆದರೆ ಯಾವಾಗಲೂ ಮರದ ಎಳೆ ಹೋಗುವ ದಿಕ್ಕಿಗೇ ಹೊಡೆಯಬೇಕು, ಅಡ್ಡಕ್ಕೆ ಹೊಡೆದರೆ ಚಕ್ಕೆ ಏಳುತ್ತದೆ. ಮರಗೆಲಸದ ಒಳ್ಳೆಯ ಉಳಿಯನ್ನು ಈ ಕೆಲಸಕ್ಕೆ ಹಾಕಬೇಡಿ. ಎರಡು ಪಿನ್ನಿಗೆ ಅದರ ಬಾಯಿ ಹಲ್ಲುಹಲ್ಲಾಗುತ್ತದೆ.

ಬಳಸುವ ರೀತಿ ಕಷ್ಟದ್ದಲ್ಲ. ಸೋಫಾ ತಲೆಕೆಳಗು ಮಾಡಿ, ಮೊದಲು ತಳದ ಕಪ್ಪು ಬಟ್ಟೆ, ಆಮೇಲೆ ಬೆನ್ನಿನ ಹಿಂಭಾಗ, ಕೈಗಳ ಹೊರಭಾಗ, ಕೊನೆಗೆ ಒಳಗಿನದು. ಮಾಡಿದವರು ಕೊನೆಗೆ ಹೊಡೆದದ್ದು ನಿಮಗೆ ಮೊದಲು ಸಿಗುತ್ತದೆ. ಪಿನ್ನಿನ ಒಂದು ಕಾಲಿನ ಪಕ್ಕಕ್ಕೆ ಹಲ್ಲು ತೂರಿಸಿ, ಟೂಲನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಅಲುಗಿಸುತ್ತ ಒಳಗೆ ತಳ್ಳಿ, ಬೆನ್ನು ಮೇಲೆದ್ದ ಮೇಲೆ ಹಿಡಿ ಒತ್ತಿ. ಒಂದು ಕಾಲು ಬಂದರೆ ಸಾಕು, ಉಳಿದದ್ದು ಪಿನ್ಸರಿಗೆ ಬಿಡಿ. ಹತ್ತು ಪಿನ್ ಸಾಲಾಗಿ ಎತ್ತಿ, ಆಮೇಲೆ ಟೂಲ್ ಬದಲಿಸಿ ಹತ್ತನ್ನೂ ಎಳೆದರೆ ಹೊತ್ತು ಉಳಿಯುತ್ತದೆ. ಹಳೆ ಬಟ್ಟೆ ಹರಿಯದ ಹಾಗೆ ನೋಡಿಕೊಳ್ಳಿ, ಹೊಸದನ್ನು ಕತ್ತರಿಸಲು ಅದೇ ಅಳತೆ.

ಮರ ಯಾವುದು ಎನ್ನುವುದರ ಮೇಲೂ ಕೈ ಬದಲಾಗಬೇಕು. ಪೈನ್, ಸಿಲ್ವರ್ ಓಕ್‌ನಂತಹ ಮೆತ್ತನೆ ಮರದಲ್ಲಿ ಪಿನ್ ಬೇಗ ಬರುತ್ತದೆ, ಆದರೆ ಹಿಮ್ಮಡಿ ಊರಿದ ಕಡೆ ಗುಂಡಿ ಬೀಳುತ್ತದೆ. ಕೆಳಗೊಂದು ತೆಳು ಪುಟ್ಟಿ ಬ್ಲೇಡ್ ಇಟ್ಟುಕೊಂಡು ಮೀಟಿ. ಹೊರಗೆ ಕಾಣುವ ತೇಗದ ಚೌಕಟ್ಟಾದರೆ ಇದನ್ನು ಮರೆಯಲೇಬಾರದು. ಪ್ಲೈವುಡ್ಡಿನ ಅಂಚಿನಲ್ಲಿ ಹೊರಕ್ಕೆ ಮೀಟಿದರೆ ಪದರ ಬಿಚ್ಚಿಕೊಳ್ಳುತ್ತದೆ, ಒಳಕ್ಕೆ ಮೀಟಿ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಪಿನ್ ತುಕ್ಕು ಹಿಡಿದು ಬೆನ್ನು ಮುರಿದು ಕಾಲು ಮರದಲ್ಲೇ ಉಳಿಯುವುದು ಸಾಮಾನ್ಯ. ಪಿನ್ಸರಿಗೆ ಸಿಕ್ಕಿದ್ದನ್ನು ಎಳೆಯಿರಿ, ಸಿಗದ್ದನ್ನು ಸುತ್ತಿಗೆಯಲ್ಲಿ ಮರದ ಮಟ್ಟಕ್ಕೆ ಹೊಡೆದುಬಿಡಿ. ಬೆರಳು ಸವರಿ ನೋಡಬೇಡಿ, ಹಳೆ ಬಟ್ಟೆಯ ತುಂಡು ಎಳೆದು ನೋಡಿ. ಬಟ್ಟೆ ಸಿಕ್ಕಿಕೊಂಡ ಕಡೆ ಕಾಲು ಉಳಿದಿದೆ ಎಂದರ್ಥ. ಅದನ್ನು ಬಿಟ್ಟರೆ ಹೊಸ ಬಟ್ಟೆ ಒಳಗಿನಿಂದಲೇ ಹರಿಯುತ್ತದೆ.

ಒಂದು ಕಡೆ ಮಾತ್ರ ತುಂಬ ಹುಷಾರಾಗಿರಿ. ಸೀಟಿನ ಕೆಳಗೆ ಎಳೆದು ಹೊಡೆದ ಎಲಾಸ್ಟಿಕ್ ಬೆಲ್ಟ್ ಇರುತ್ತದೆ. ಅದರ ಪಿನ್ ಕೊನೆಯದೊಂದು ಸಡಿಲವಾದ ಕೂಡಲೇ ಬೆಲ್ಟ್ ಪಿನ್ ಸಮೇತ ಹಾರುತ್ತದೆ. ಬೆಲ್ಟ್ ಚೆನ್ನಾಗಿದ್ದರೆ ಬಿಚ್ಚುವುದೇ ಬೇಡ. ಬದಲಾಯಿಸಲೇಬೇಕಾದರೆ ಇನ್ನೊಬ್ಬರನ್ನು ಕರೆದು ಬೆಲ್ಟನ್ನು ಇಕ್ಕಳದಲ್ಲಿ ಹಿಡಿಸಿಕೊಳ್ಳಿ. ಕಣ್ಣಿಗೆ ಕನ್ನಡಕ ಎಲ್ಲ ಹೊತ್ತಿನಲ್ಲೂ ಇರಬೇಕು, ವೆಲ್ಡಿಂಗ್ ಅಂಗಡಿಯವರು ಹಾಕುವ ಬಿಳಿ ಗ್ಲಾಸಿನದು ಸಾಕು. ಎಡಗೈಗೆ ದಪ್ಪ ಗ್ಲೌಸ್ ಹಾಕಿ, ಅದನ್ನೂ ಟೂಲಿನ ಹಿಂದೆಯೇ ಇಡಿ. ಟೂಲ್ ಮುಂದೆ ಕೈ ಇಡುವ ಅಭ್ಯಾಸ ಬಂದರೆ ಯಾವ ಗ್ಲೌಸೂ ಕಾಯುವುದಿಲ್ಲ.

ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು, ಮಕ್ಕಳು ನೆಲದ ಮೇಲೆ ಅಂಬೆಗಾಲಿಡುತ್ತಾರೆ. ಹಾಗಾಗಿ ಹಳೆ ಬೆಡ್‌ಶೀಟ್ ಹಾಸಿಕೊಂಡೇ ಕೆಲಸಕ್ಕೆ ಕೂರಿ, ಕಿತ್ತ ಪಿನ್ ಪಕ್ಕದ ಸ್ಟೀಲ್ ಡಬ್ಬಿಗೇ ಹೋಗಲಿ. ಕೆಟ್ಟ ಸ್ಪೀಕರಿನಿಂದ ತೆಗೆದ ಮ್ಯಾಗ್ನೆಟ್ ಒಂದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ನೆಲದ ಮೇಲೆ ಎಳೆದರೆ ಬಿದ್ದ ಪಿನ್ನೆಲ್ಲ ಕವರಿಗೆ ಅಂಟಿಕೊಳ್ಳುತ್ತದೆ. ಕವರನ್ನು ಒಳಗಿಂದ ಹೊರಗೆ ತಿರುಗಿಸಿದರೆ ಪಿನ್ ಅದರೊಳಗೇ ಉಳಿದು ಮ್ಯಾಗ್ನೆಟ್ ಹೊರಗೆ ಬರುತ್ತದೆ. ಸೋಫಾ ಇದ್ದ ಜಾಗದಿಂದ ಆರೇಳು ಅಡಿಯವರೆಗೂ ಎಳೆಯಿರಿ, ಬಾಗಿಲ ಹೊಸ್ತಿಲ ಸಂದಿಯಲ್ಲೂ ಒಮ್ಮೆ. ನನಗೆ ಕೊನೆಯ ಪಿನ್ ಸಿಕ್ಕಿದ್ದು ಪಕ್ಕದ ಕೋಣೆಯ ಕಾಲೊರಸಿನಲ್ಲಿ.