ದೇವರ ಮುಂದೆ ಹೆದರದೆ ನಿಲ್ಲುವುದು ಹೇಗೆ

ಅರಸೀಕೆರೆ ಸೀಮೆಯ ಒಂದು ಊರಿನಲ್ಲಿ ಲಕ್ಷ್ಮೀನರಸಿಂಹನ ಗುಡಿಯ ಅರ್ಚಕ ನಾನು. ನಮ್ಮಪ್ಪನೂ ಇದೇ ಗರ್ಭಗುಡಿಯಲ್ಲಿ ಪೂಜೆ ಮಾಡಿದವರು. ಮಂಗಳಾರತಿ ಆದಮೇಲೆ ಜನ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯವು. "ಐನೋರೆ, ಹಚ್ಚಿದ ದೀಪ ಆರೋಯ್ತು, ಏನಾದ್ರೂ ಆಗುತ್ತಾ?" "ಎಡಗಡೆ ಹೂ ಬಿತ್ತಲ್ಲಾ, ಸ್ವಾಮಿಗೆ ನಮ್ಮ ಮೇಲೆ ಕೋಪನಾ?" "ಹರಕೆ ಒಪ್ಪಿಸಕ್ಕೆ ಆಗ್ಲಿಲ್ಲ, ಅದಕ್ಕೇ ಮಗಳ ಮದುವೆ ಮುರಿದುಬಿತ್ತಾ?" ಎದುರಿಗೆ ಅಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡ ಸ್ವಾಮಿ. ಕೇಳುವವರ ಕಣ್ಣಲ್ಲಿ ಪೊಲೀಸ್ ಠಾಣೆಗೆ ಕರೆಸಿಕೊಂಡವರ ಅಂಜಿಕೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದೇವರಿಗೆ ಹೆದರಬೇಕೋ, ಅವನನ್ನು ಪ್ರೀತಿಸಬೇಕೋ ಅಂದರೆ ನನ್ನ ಉತ್ತರ ನೇರ. ಪ್ರೀತಿಸಬೇಕು, ಆ ಪ್ರೀತಿಗೆ ತಕ್ಕ ಮರ್ಯಾದೆಯಿಂದ ನಡೆದುಕೊಳ್ಳಬೇಕು. ಆದರೆ ಚಿಕ್ಕಂದಿನಿಂದ ಹೆದರಿಕೆಯಲ್ಲೇ ಬೆಳೆದವರಿಗೆ "ಹೆದರಬೇಡಿ" ಅಂದುಬಿಟ್ಟರೆ ಹೆದರಿಕೆ ಹೋಗುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಮಾಡಬೇಕಾದ ಕೆಲಸಗಳಿವೆ. ನಮ್ಮ ಗುಡಿಗೆ ಬರುವವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಹೆದರಿಕೆ ಯಾವುದಕ್ಕೆ ಅಂತ ನೋಡಿಕೊಳ್ಳಿ

ಒಂದು ಚೀಟಿಯಲ್ಲಿ ಬರೆಯಿರಿ. ಯಾವುದಕ್ಕೆ ದೇವರು ನಿಮ್ಮನ್ನು ಶಿಕ್ಷಿಸುತ್ತಾನೆ ಅಂತ ಅನ್ನಿಸುತ್ತಿದೆ? ಬರೆದದ್ದು ದೀಪ, ಹೂ, ಕಾಯಿ, ಮಡಿ, ಮರೆತುಹೋದ ಶನಿವಾರ ಇಂಥದ್ದಾದರೆ ಅದನ್ನು ಇವತ್ತೇ ಕೈಬಿಡಬಹುದು, ಹೇಗೆ ಅಂತ ಮುಂದೆ ಹೇಳುತ್ತೇನೆ. ಆದರೆ ಕೆಲವರ ಚೀಟಿಯಲ್ಲಿ ಬೇರೆ ಇರುತ್ತದೆ. ಅಣ್ಣನ ಪಾಲಿನ ತೋಟ ಬರೆಸಿಕೊಂಡದ್ದು, ಕೂಲಿಯವರಿಗೆ ಕೊಡಬೇಕಾದ ದುಡ್ಡು ಕೊಡದೆ ಉಳಿಸಿಕೊಂಡದ್ದು, ಹೆತ್ತ ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಳ್ಳದೆ ಹೋದದ್ದು. ಅದು ದೇವರ ಭಯವಲ್ಲ, ನಿಮ್ಮದೇ ಮನಸ್ಸಾಕ್ಷಿ. ಅದನ್ನು ಓಡಿಸಬೇಡಿ. ಅದಕ್ಕೆ ಶಾಂತಿ ಹೋಮವೂ ಬೇಡ. ಅಣ್ಣನ ಮನೆಗೆ ಹೋಗಿ ಮಾತಾಡಿ, ಕೂಲಿ ಕೊಟ್ಟು ಬನ್ನಿ. ಆಮೇಲೆ ಬಂದು ತೀರ್ಥ ತೆಗೆದುಕೊಂಡರೆ ಅದರ ರುಚಿಯೇ ಬೇರೆ ಇರುತ್ತದೆ. ಸರಿಪಡಿಸಲು ಆಗದ್ದು, ತೀರಿಕೊಂಡ ತಾಯಿಯ ವಿಷಯದಂಥದ್ದು, ಆದರೆ ಅದನ್ನು ಸ್ವಾಮಿಯ ಎದುರು ಬಾಯಿ ಬಿಟ್ಟು ಹೇಳಿ ಅತ್ತುಬಿಡಿ. ಗರ್ಭಗುಡಿ ಇಂಥ ಮಾತುಗಳನ್ನು ಬಹಳ ಕೇಳಿದೆ.

ಕಾಯಿ ಕೆಟ್ಟಿದ್ದರೆ

ನಮ್ಮದು ತೆಂಗಿನ ಸೀಮೆ, ಆದರೂ ಅತಿ ಹೆಚ್ಚು ಹೆದರಿಕೆ ಇರುವುದು ಕಾಯಿಯ ವಿಷಯದಲ್ಲೇ. ಒಡೆದ ಹೋಳು ಒಳಗೆ ಕಪ್ಪಾಗಿದ್ದರೆ ಹೆಂಗಸರ ಮುಖ ಬಾಡಿಹೋಗುತ್ತದೆ. ಗಂಡಸರು ಮಾತಿಲ್ಲದೆ ತಟ್ಟೆಗೆ ಇನ್ನೊಂದು ನೋಟು ಹಾಕುತ್ತಾರೆ.

ಕಾಯಿ ಯಾಕೆ ಕೆಡುತ್ತದೆ ಅಂತ ತಿಳಿದುಕೊಳ್ಳಿ. ಕಾಯಿಗೆ ಮೂರು ಕಣ್ಣು, ಅದರಲ್ಲಿ ಒಂದು ಮೆತ್ತಗಿರುತ್ತದೆ. ಜುಟ್ಟು ಕಿತ್ತು ಬಹಳ ದಿನ ಇಟ್ಟರೆ ಆ ಕಣ್ಣಿಗೆ ತೇವ ತಗಲಿ ಬೂಸಲು ಒಳಗಿಳಿಯುತ್ತದೆ. ಸುಲಿಯುವಾಗ ಏಟು ಬಿದ್ದು ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಸಾಕು. ಅಂಗಡಿಯಲ್ಲಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ನೀರು ಚೆನ್ನಾಗಿ ಕುಲುಕಬೇಕು. ಜುಟ್ಟು ಇರಬೇಕು, ಜುಟ್ಟಿನ ಬುಡದಲ್ಲಿ ಪಸೆ ಇರಬಾರದು. ಇಷ್ಟು ನೋಡಿ ತಂದರೂ ಒಮ್ಮೊಮ್ಮೆ ಕೆಟ್ಟದ್ದು ಬರುತ್ತದೆ.

ಬಂದರೆ ಏನು ಮಾಡುವುದು? ಹೋಳು ಪಕ್ಕಕ್ಕಿಡಿ, ಕೈ ತೊಳೆಯಿರಿ, ಆ ಜಾಗ ಒರೆಸಿ, ಇನ್ನೊಂದು ಕಾಯಿ ಒಡೆಯಿರಿ. ಇನ್ನೊಂದು ಇಲ್ಲವೇ? ಎರಡು ಬಾಳೆಹಣ್ಣಿಡಿ. ಅದೂ ಇಲ್ಲದಿದ್ದರೆ ಒಂದು ದಳ ತುಳಸಿ, ಒಂದು ಉದ್ಧರಣೆ ನೀರು. ಎಲೆ, ಹೂ, ಹಣ್ಣು, ನೀರು ಯಾವುದನ್ನು ಭಕ್ತಿಯಿಂದ ಕೊಟ್ಟರೂ ತೆಗೆದುಕೊಳ್ಳುತ್ತೇನೆ ಅಂತ ಗೀತೆಯ ಒಂಬತ್ತನೇ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ. ಕಾಯಿಯ ಹೆಸರೇ ಅಲ್ಲಿಲ್ಲ.

ಇನ್ನೊಂದು ಗಮನಿಸಿ. ಪೂಜೆಯ ಕೊನೆಗೆ ನಾವು ದಿನಾ ಹೇಳುವ ಶ್ಲೋಕ ಇದು: "ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ, ಯತ್ಪೂಜಿತಂ ಮಯಾ ದೇವ ಪರಿಪೂರ್ಣಂ ತದಸ್ತು ಮೇ." ಮಂತ್ರ ತಪ್ಪಿರಬಹುದು, ಮಾಡುವ ಕ್ರಮ ತಪ್ಪಿರಬಹುದು, ಭಕ್ತಿಯೇ ಸಾಲದೆ ಹೋಗಿರಬಹುದು, ಆದರೂ ಇದು ಪೂರ್ಣವಾಗಲಿ ಅಂತ. ಎಷ್ಟು ಚೆನ್ನಾಗಿ ಪೂಜೆ ಮಾಡಿದ ದಿನವೂ ಇದನ್ನು ಹೇಳಿಯೇ ಮುಗಿಸುತ್ತೇವೆ. ನಿಮ್ಮ ಕೈಯಲ್ಲಿ ಆಗಬಹುದಾದ ಎಲ್ಲ ತಪ್ಪಿಗೂ ಹಿರಿಯರು ಮೊದಲೇ ಜಾಗ ಬಿಟ್ಟಿದ್ದಾರೆ. ಈ ಶ್ಲೋಕ ಬಾಯಿಪಾಠ ಮಾಡಿಕೊಳ್ಳಿ. ದೀಪ ಆರಿದಾಗ ಮತ್ತೆ ಹಚ್ಚಿ, ಇದನ್ನೊಮ್ಮೆ ಹೇಳಿ, ಮುಂದುವರಿಸಿ.

ಹೆದರಿಸಿ ದುಡ್ಡು ಕೇಳುವವರ ಹತ್ತಿರ

ಎದ್ದು ಬನ್ನಿ. ಜ್ಯೋತಿಷ್ಯ ಕೇಳುವುದು ಬಿಡುವುದು ನಿಮ್ಮ ಇಷ್ಟ. ಆದರೆ "ಇಷ್ಟು ಸಾವಿರ ಕೊಟ್ಟು ಈ ಪರಿಹಾರ ಮಾಡಿಸದಿದ್ದರೆ ಗಂಡನಿಗೆ ಕಂಟಕ" ಅಂದವರ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಬೇಡಿ. ಹೆದರಿದ ಭಕ್ತ ತಟ್ಟೆಗೆ ಹೆಚ್ಚು ಹಾಕುತ್ತಾನೆ ಅನ್ನುವುದು ಅರ್ಚಕರಾದ ನಮಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದೂ ಆ ದಾರಿ ಹಿಡಿಯದವರು ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಇದ್ದಾರೆ, ಸಣ್ಣ ತಸ್ತೀಕಿನಲ್ಲಿ ಸಂಸಾರ ತೂಗಿಸುತ್ತಿದ್ದಾರೆ. ಅಂಥವರನ್ನು ಹುಡುಕಿಕೊಂಡು ಹೋಗಿ.

ಮಕ್ಕಳಿಗೆ ಹೇಳುವ ಮಾತು

"ಸುಳ್ಳು ಹೇಳಿದ್ರೆ ಮಾಮಿ ಕಣ್ಣು ಕುಕ್ಕುತ್ತೆ." ಈ ಮಾತನ್ನು ದಯವಿಟ್ಟು ನಿಲ್ಲಿಸಿ. ಮಗು ಸುಳ್ಳು ಹೇಳುತ್ತದೆ, ಕಣ್ಣಿಗೆ ಏನೂ ಆಗುವುದಿಲ್ಲ. ಅವತ್ತು ಅದು ಕಲಿಯುವುದು ಎರಡರಲ್ಲಿ ಒಂದು: ದೇವರು ಇಲ್ಲ, ಇಲ್ಲವೇ ದೇವರು ಎಲ್ಲೋ ಹೊಂಚು ಹಾಕಿ ಕೂತಿದ್ದಾನೆ. ಬದಲಿಗೆ ಮಗುವಿನ ಕೈಗೆ ಕೆಲಸ ಕೊಡಿ. ಹಿತ್ತಲಿನ ದಾಸವಾಳ ಬಿಡಿಸಿ ತರಲಿ, ಗಂಟೆ ಬಾರಿಸಲಿ, ಪ್ರಸಾದ ಹಂಚಲಿ. ಗಂಟೆ ತಪ್ಪು ಹೊತ್ತಿನಲ್ಲಿ ಬಾರಿಸಿದರೆ ಗದರಬೇಡಿ.

ಒಂದು ಭಾನುವಾರ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊರಗೋಡೆಯ ಮೇಲೆ ಉಗ್ರನರಸಿಂಹ ಇದ್ದಾನೆ. ಹಿರಣ್ಯಕಶಿಪುವನ್ನು ತೊಡೆಗೆ ಅಡ್ಡ ಕೆಡವಿಕೊಂಡು ಕರುಳು ಬಗೆಯುತ್ತಿದ್ದಾನೆ. ಮಕ್ಕಳು ಬೆಚ್ಚುತ್ತವೆ. ಆಗ ಅಲ್ಲೇ ನಿಂತು, ಭಾಗವತದ ಏಳನೇ ಸ್ಕಂಧದಲ್ಲಿ ಮುಂದೆ ಏನಾಯಿತು ಅಂತ ಹೇಳಿ. ಅಸುರ ಸತ್ತ ಮೇಲೂ ಸ್ವಾಮಿಯ ಸಿಟ್ಟು ಇಳಿಯಲಿಲ್ಲ. ದೇವತೆಗಳು ದೂರ ನಿಂತರು. ಲಕ್ಷ್ಮಿಯನ್ನು ಕಳಿಸಿದರು, ಅಂಥ ರೂಪವನ್ನು ಹಿಂದೆ ಕಂಡೇ ಇರದ ಆಕೆಯೂ ಹತ್ತಿರ ಹೋಗಲಿಲ್ಲ. ಬ್ರಹ್ಮ ಕೊನೆಗೆ ಪ್ರಹ್ಲಾದನಿಗೆ ಹೋಗು ಅಂದ. ಆ ಪುಟ್ಟ ಹುಡುಗ ಕೈ ಮುಗಿದುಕೊಂಡು ಮೆಲ್ಲಗೆ ನಡೆದು ಹೋಗಿ ಕಾಲಿಗೆ ಬಿದ್ದ. ಸ್ವಾಮಿ ಅವನನ್ನು ಎಬ್ಬಿಸಿ ತಲೆಯ ಮೇಲೆ ಕೈ ಇಟ್ಟ. "ನಿನ್ನ ಈ ಭಯಂಕರ ಬಾಯಿಗೆ, ಕೋರೆಗೆ, ಕರುಳ ಮಾಲೆಗೆ ನಾನು ಹೆದರುವುದಿಲ್ಲ, ಈ ಸಂಸಾರದ ದುಃಖಕ್ಕೆ ಹೆದರುತ್ತೇನೆ" ಅಂದ ಪ್ರಹ್ಲಾದ. ಆ ಉಗುರು ಯಾರ ಮೇಲೆ ಎದ್ದದ್ದು, ಯಾರ ಸಲುವಾಗಿ ಎದ್ದದ್ದು ಅಂತ ಮಗುವನ್ನೇ ಕೇಳಿ. ಅದು ಸರಿಯಾಗಿಯೇ ಹೇಳುತ್ತದೆ.

ಅದೇ ವಾರವೋ ಮುಂದಿನ ವಾರವೋ ಹಾರನಹಳ್ಳಿಗೋ ಜಾವಗಲ್ಲಿಗೋ ನುಗ್ಗೇಹಳ್ಳಿಗೋ ಹೋಗಿ ಬನ್ನಿ. ನುಗ್ಗೇಹಳ್ಳಿಯ ಗುಡಿ 1246ರದ್ದು. ಮೂರೂ ಕಡೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ. ಹಳೇಬೀಡಿನ ಗೋಡೆಯ ಮೇಲಿನ ಆ ಸ್ವಾಮಿಯೇ ಇಲ್ಲಿ ಅಮ್ಮನ ಜೊತೆ ಇದ್ದಾನೆ. ನಮ್ಮ ಸಂಪ್ರದಾಯದಲ್ಲಿ ಮೊದಲು ಅಮ್ಮನಿಗೆ ಹೇಳಿಕೊಳ್ಳುತ್ತೇವೆ. ಅಪ್ಪನ ಹತ್ತಿರ ನಮ್ಮ ಪರವಾಗಿ ಮಾತಾಡುವವಳು ಅವಳು. ಹೆದರಿಕೆ ಬಹಳ ಇರುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಸ್ವಾಮಿಯ ಮುಖ ನೋಡಲು ಅಂಜಿಕೆಯಾದರೆ ಅಮ್ಮನ ಮುಖ ನೋಡಿ ಶುರು ಮಾಡಿ.

ಹರಕೆ ತೀರಿಸಲು ಆಗದಿದ್ದರೆ

ಚಿಕ್ಕದಾಗಿ ತೀರಿಸಿ. ಬೆಳ್ಳಿ ಕಣ್ಣು ಒಪ್ಪಿಸುತ್ತೇನೆ ಅಂದಿದ್ದು ಈಗ ಕೈ ನಡೆಯದಿದ್ದರೆ, ಗುಡಿಗೆ ಬಂದು ಕನ್ನಡದಲ್ಲೇ ಹೇಳಿ: "ಸ್ವಾಮಿ, ಆಗಲಿಲ್ಲ. ಇವತ್ತು ಒಂದು ಹಾರ ತಂದಿದ್ದೀನಿ." ಹೇಳಿದ ಮೇಲೆ ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಮುಂದಕ್ಕೆ, ಆಸ್ಪತ್ರೆಯ ವರಾಂಡದಲ್ಲಿ ನಿಂತು ಗಾಬರಿಯಲ್ಲಿ ಹರಕೆ ಹೊರಬೇಡಿ. ಆಗ ಬರೀ ಕಾಪಾಡು ಅಂತ ಕೇಳಿ ಸಾಕು. ನರಸಿಂಹ ವರ ಕೇಳು ಅಂದಾಗ ಪ್ರಹ್ಲಾದ ಏನಂದ ಗೊತ್ತೇ? ನಿನ್ನಿಂದ ಏನಾದರೂ ಪಡೆಯಲಿಕ್ಕೆಂದು ಸೇವೆ ಮಾಡುವವನು ಸೇವಕನಲ್ಲ, ವ್ಯಾಪಾರಿ ಅಂದ. ಆಮೇಲೆ ತನ್ನನ್ನು ಅಷ್ಟು ಗೋಳಾಡಿಸಿದ ಅಪ್ಪನ ಪಾಪ ಕಳೆಯಲಿ ಅಂತ ಕೇಳಿಕೊಂಡ.

ಹಾಗಾದರೆ ಮರ್ಯಾದೆ?

ಹೆದರಿಕೆ ಬಿಟ್ಟರೆ ಜನ ಸಸಾರ ಮಾಡುತ್ತಾರೆ ಅಂತ ಹಿರಿಯರು ವಾದಿಸುತ್ತಾರೆ. ಆ ಆತಂಕ ಸುಳ್ಳಲ್ಲ. ಅರ್ಜುನನಿಗೂ ಹಾಗೇ ಆಗಿತ್ತು. ವಿಶ್ವರೂಪ ಕಂಡಾಗ ಅವನಿಗೆ ಹಳೆಯದೆಲ್ಲ ನೆನಪಾಯಿತು. ಊಟದಲ್ಲಿ, ಆಟದಲ್ಲಿ "ಏ ಕೃಷ್ಣ, ಏ ಯಾದವ, ಏ ಗೆಳೆಯ" ಅಂತ ಕರೆದದ್ದಕ್ಕೆ ನಡುಗುತ್ತಾ ಕ್ಷಮೆ ಕೇಳಿದ. ಆಗಲೂ ಅವನು ಕೇಳಿದ್ದು, ತಂದೆ ಮಗನನ್ನು, ಗೆಳೆಯ ಗೆಳೆಯನನ್ನು ಸಹಿಸಿಕೊಳ್ಳುವಂತೆ ನನ್ನನ್ನು ಸಹಿಸಿಕೋ ಅಂತ. ಕೃಷ್ಣ ಅವನನ್ನು ನಡುಗಲು ಬಿಡಲಿಲ್ಲ. "ಮಾ ತೇ ವ್ಯಥಾ" ಅಂದ. ಭಯ ಬಿಟ್ಟು, ಪ್ರೀತಿ ತುಂಬಿದ ಮನಸ್ಸಿನಿಂದ ಮೊದಲಿನ ರೂಪವನ್ನೇ ನೋಡು ಅಂದ. ಮಧ್ವಾಚಾರ್ಯರು ಭಕ್ತಿಗೆ ಕೊಟ್ಟ ಲಕ್ಷಣವೂ ಇದೇ: ದೇವರ ದೊಡ್ಡತನ ತಿಳಿದು, ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ, ಅಲುಗದಂತೆ ಅವನ ಮೇಲಿಡುವ ಸ್ನೇಹ. ದೊಡ್ಡತನ ತಿಳಿದಿರುವುದೇ ಮರ್ಯಾದೆ. ನಾವು ಬೇರೆ ಸಂಪ್ರದಾಯದವರು, ಆದರೂ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ನಡವಳಿಕೆಯಲ್ಲಿ ಇದು ಸರಳ. ಗುಡಿಯೊಳಗೆ ಮೊಬೈಲ್ ಜೇಬಿನಲ್ಲಿರಲಿ. ಶಠಾರಿ ಇಡುವಾಗ ತಲೆ ಬಾಗಿಸಿ, ಅದು ಸ್ವಾಮಿಯ ಪಾದ. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಸಾಲಿನಲ್ಲಿ ಮುಂದಿನವರನ್ನು ತಳ್ಳಬೇಡಿ. ವರ್ಷಕ್ಕೊಮ್ಮೆ ಸಿಗುವ ದರ್ಶನ ಅಂತ ಹತ್ತಿರದವರ ಶಿಫಾರಸು ಹಿಡಿದು ನುಗ್ಗಬೇಡಿ. ಅಲ್ಲಿ ಕಳ್ಳರು ಕಲ್ಲಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹೆದರುತ್ತಾರೆ, ಆಮೇಲೆ ವಯಸ್ಸಾದವರನ್ನು ಮೊಣಕೈಯಲ್ಲಿ ಸರಿಸಿ ಮುಂದೆ ಹೋಗುತ್ತಾರೆ. ಹೆದರಿಕೆ ಮರ್ಯಾದೆ ಕಲಿಸುವುದಿಲ್ಲ ಅನ್ನಲು ಇಷ್ಟು ಸಾಕು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರು ಗುಳ್ಳಕಾಯಜ್ಜಿಯ ವಿಗ್ರಹ ಇದೆ, ನೋಡದವರು ನೋಡಿ ಬನ್ನಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಕೆಳಗಿಳಿಯಲಿಲ್ಲವಂತೆ, ಆ ಅಜ್ಜಿಯ ಗುಳ್ಳಕಾಯಿಯ ಹಾಲು ಐವತ್ತೆಂಟು ಅಡಿ ಮೂರ್ತಿಯನ್ನು ಪೂರ್ತಿ ತೋಯಿಸಿತಂತೆ.

ಹೆದರಿಕೆ ಹಿಡಿತ ತಪ್ಪಿದ್ದರೆ

ಕೆಲವರದ್ದು ಮೇಲೆ ಹೇಳಿದ ಯಾವುದಕ್ಕೂ ಬಗ್ಗದ ಹೆದರಿಕೆ. ಪ್ರದಕ್ಷಿಣೆ ಎಣಿಕೆ ತಪ್ಪಿತೇನೋ ಅಂತ ಮತ್ತೆ ಮತ್ತೆ ಮೊದಲಿನಿಂದ ಸುತ್ತುತ್ತಾರೆ. ಕೈ ಸಿಪ್ಪೆ ಏಳುವಷ್ಟು ತೊಳೆಯುತ್ತಾರೆ. ದೇವರನ್ನು ನೋಡಿದ ಕೂಡಲೇ ಬೇಡದ ಕೆಟ್ಟ ಯೋಚನೆ ನುಗ್ಗಿ ಬಂದು, ತಾನು ಮಹಾಪಾಪಿ ಅಂತ ನಿದ್ದೆಗೆಡುತ್ತಾರೆ. ಇವರು ಪಾಪಿಗಳಲ್ಲ. ಇದು ಗೀಳು ಕಾಯಿಲೆ ಇರಬಹುದು, ಇದಕ್ಕೆ ಔಷಧಿ ಇದೆ, ಚಿಕಿತ್ಸೆ ಇದೆ. ಇಂಥವರಿಗೆ ಇನ್ನಷ್ಟು ಜಪ ಹೇಳಿಕೊಟ್ಟರೆ ಗೀಳು ಬೆಳೆಯುತ್ತದೆ. ಮನೋವೈದ್ಯರಿಗೆ ತೋರಿಸಿ. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋದರೆ ದೇವರ ಮೇಲೆ ನಂಬಿಕೆ ಕಡಿಮೆಯಾಯಿತು ಅಂತ ಯಾರಾದರೂ ಅಂದರೆ, ನಮ್ಮ ಗುಡಿಯ ಅರ್ಚಕರೇ ಕಳಿಸಿದರು ಅನ್ನಿ.

ದಿನಾ ಸಂಜೆ

ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಸ್ತೋತ್ರ ಬಂದರೆ ಹೇಳಿ, ಬರದಿದ್ದರೆ ಬೇಡ. ಮೊದಲ ಕೆಲವು ದಿನ ಏನನ್ನೂ ಕೇಳಬೇಡಿ, ಕ್ಷಮೆಯನ್ನೂ ಕೇಳಬೇಡಿ. ಅವತ್ತು ಆದದ್ದನ್ನು ಮನೆಮಾತಿನಲ್ಲಿ ಹೇಳಿ. ಸಿಟ್ಟಿದ್ದರೆ ಸಿಟ್ಟನ್ನೂ ಹೇಳಿ. ದಾಸರು ಸ್ವಾಮಿಯನ್ನು ಬೈದು ಹಾಡಿದ್ದನ್ನು ನಾವು ಇವತ್ತಿಗೂ ಗುಡಿಯಲ್ಲೇ ಹಾಡುತ್ತೇವೆ. ಎಷ್ಟೋ ಜನಕ್ಕೆ ಮೊದಮೊದಲು ಬಾಯಿಂದ ಮಾತೇ ಹೊರಡುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಹಾಗಾದರೆ ಮಧ್ಯಾಹ್ನ ಏನು ಅಡುಗೆ ಮಾಡಿದ್ದಿರಿ, ಯಾರು ಯಾರು ಉಂಡರು, ಅಲ್ಲಿಂದ ಶುರು ಮಾಡಿ.